ಚಿಕ್ಕಪ್ಪನ ಜೇಬಿನಲ್ಲಿರುವ ‘ಅಪರೂಪದ’ ಲೋಹ

ರೇರ್ ಅರ್ಥ್ ಲೋಹ ಅಂದರೆ ಚಿನ್ನಕ್ಕಿಂತ ಅಪರೂಪ, ಅದು ಇರೋದೇ ಚೀನಾದಲ್ಲಿ ಅನ್ನೋ ಫಾರ್ವರ್ಡ್ ನಮ್ಮ ಮನೆಯವರ ಗ್ರೂಪಿಗೆ ಮತ್ತೆ ಬಂದಿದೆ. ಕಳಿಸಿದವರು ಚಿಕ್ಕಪ್ಪ. ತಮಾಷೆ ಏನಂದ್ರೆ, ಅವರ ಅಂಗಿ ಜೇಬಲ್ಲೇ ಒಂದು ಚೂರು ರೇರ್ ಅರ್ಥ್ ಇದೆ. ಸಿಗರೇಟ್ ಲೈಟರಿನ ಚಕ್ರದ ಕೆಳಗೆ ಕೂತಿರುವ ಆ ಪುಟ್ಟ ಕಲ್ಲು!

ಕಲ್ಲು ಅಂತೀವಿ, ಅದು ಕಲ್ಲಲ್ಲ. ಸೀರಿಯಂ ಎಂಬ ರೇರ್ ಅರ್ಥ್ ಮತ್ತು ಅದೇ ಗುಂಪಿನ ಅಣ್ಣತಮ್ಮಂದಿರ ಜೊತೆ ಕಬ್ಬಿಣ ಬೆರೆಸಿದ ಲೋಹ. ಬರೀ ಸೀರಿಯಂ ಚಾಕುವಿನಲ್ಲಿ ಕತ್ತರಿಸುವಷ್ಟು ಮೆತ್ತಗೆ, ಅದಕ್ಕೇ ಗಟ್ಟಿಯಾಗಲಿ ಅಂತ ಕಬ್ಬಿಣ. ಚಕ್ರ ಉಜ್ಜಿದಾಗ ಏಳುವ ಸಣ್ಣ ಪುಡಿ ಗಾಳಿ ತಾಗಿ ತಾನೇ ಹೊತ್ತಿಕೊಳ್ಳುತ್ತದೆ. ನಾವು ನೋಡುವ ಕಿಡಿ ಅದೇ.

ಭೂಮಿಯ ಹೊರಪದರದಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ, ಸೀಸಕ್ಕಿಂತ ಜಾಸ್ತಿ. ಅಪರೂಪ ಅನ್ನೋ ಹೆಸರು ಯಾಕೆ ಬಂತೋ, ಇವತ್ತಿಗೂ ಜನರ ದಾರಿ ತಪ್ಪಿಸುತ್ತಿದೆ. ಈ ಗುಂಪಿನ ಲೋಹಗಳು ಒಂದೇ ಅದಿರಿನಲ್ಲಿ ಕಲಸಿಕೊಂಡಿರುತ್ತವೆ, ಗುಣದಲ್ಲೂ ಅವಳಿಜವಳಿಗಳ ಹಾಗೆ. ಬೇರೆ ಮಾಡೋದೇ ದೊಡ್ಡ ತಲೆನೋವು.

ನನಗೆ ಇದರಲ್ಲಿ ತುಂಬಾ ಇಷ್ಟವಾದ ಕಥೆ ಗ್ಯಾಸ್‌ಲೈಟಿನದ್ದು. ಊರಿನ ಮದುವೆ, ಬಯಲಾಟಗಳಲ್ಲಿ ಬುಸ್ಸೆಂದು ಉರಿಯುತ್ತಿದ್ದ ಆ ಪೆಟ್ರೋಮ್ಯಾಕ್ಸ್ ನೆನಪಿದೆಯಲ್ವಾ? ಅದರ ಮ್ಯಾಂಟಲ್ ಮೊದಲು ಬಟ್ಟೆಯ ಬಲೆ. ಒಮ್ಮೆ ಸುಟ್ಟ ಮೇಲೆ ಉಳಿಯೋದು ಬಿಳಿ ಬೂದಿಯ ಬಲೆ ಮಾತ್ರ, ಬೆರಳು ತಾಗಿದರೆ ಉದುರಿ ದೊಡ್ಡವರ ಹತ್ತಿರ ಬೈಗುಳ ಗ್ಯಾರಂಟಿ. ಆಸ್ಟ್ರಿಯಾದ ರಸಾಯನ ವಿಜ್ಞಾನಿ ಔವರ್ ಫಾನ್ ವೆಲ್ಸ್‌ಬಾಖ್ 1891ರ ಹೊತ್ತಿಗೆ ಅದರ ಹದ ಕಂಡುಕೊಂಡ. 99 ಪಾಲು ಥೋರಿಯಂ ಎಂಬ ಲೋಹದ ಆಕ್ಸೈಡ್, 1 ಪಾಲು ಸೀರಿಯಂ ಆಕ್ಸೈಡ್. ಆ ಒಂದು ಪಾಲು ಇಲ್ಲದಿದ್ದರೆ ಬೆಳಕು ಮಂಕು, ಜಾಸ್ತಿಯಾದರೂ ಮಂಕು. ಅಡುಗೆಗೆ ಉಪ್ಪು ಹಾಕಿದ ಹಾಗೆ.

ಥೋರಿಯಂ ಸಿಗುತ್ತಿದ್ದದ್ದು ಮೊನಾಜೈಟ್ ಎಂಬ ಖನಿಜ ಇರುವ ಮರಳಿನಿಂದ. 1909ರಲ್ಲಿ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಶೋಂಬರ್ಗ್ ಎಂಬ ಜರ್ಮನ್ನನಿಗೆ ಮೊನಾಜೈಟ್ ಕಂಡಿತಂತೆ, ಆಮೇಲೆ ನಮ್ಮ ಕರಾವಳಿಯ ಮರಳೇ ಹಡಗು ಹತ್ತಿತು. ನಮ್ಮ ಮರಳು ಹೋಗುವ ಮೊದಲೇ, ಥೋರಿಯಂ ತೆಗೆದು ರಾಶಿ ರಾಶಿ ಉಳಿಯುತ್ತಿದ್ದ ಗಸಿಯಲ್ಲಿ ತುಂಬಿದ್ದದ್ದು ಸೀರಿಯಂ. ಅದನ್ನು ಏನು ಮಾಡೋದು ಅಂತ ಯೋಚಿಸಿದ ಅದೇ ಔವರ್ 1903ರಲ್ಲಿ ಲೈಟರ್ ಕಲ್ಲಿಗೆ ಪೇಟೆಂಟ್ ಮಾಡಿಸಿದ.

ಈಗ ಸೀರಿಯಂನ ಆಕ್ಸೈಡ್ ಪುಡಿ ಗಾಜಿಗೆ ಪಾಲಿಶ್ ಹಾಕುತ್ತದೆ. ಕನ್ನಡಕ, ಟಿವಿ ಗಾಜು, ಟೆಲಿಸ್ಕೋಪಿನ ಕನ್ನಡಿ. ಸುಮ್ನೆ ಉಜ್ಜೋದಲ್ಲ, ಗಾಜಿನ ಮೇಲ್ಮೈ ಜೊತೆ ರಾಸಾಯನಿಕವಾಗಿಯೂ ಸೇರಿ ಪದರ ಎತ್ತುತ್ತದೆ. ಪೆಟ್ರೋಲ್ ಕಾರಿನ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರಿನಲ್ಲೂ ಇದೆ. ಹೊಗೆಯಲ್ಲಿ ಆಕ್ಸಿಜನ್ ಜಾಸ್ತಿ ಇದ್ದಾಗ ಹಿಡಿದಿಟ್ಟುಕೊಂಡು, ಕಡಿಮೆಯಾದಾಗ ಬಿಟ್ಟುಕೊಡುತ್ತದೆ.

ಚೀನಾ 2025ರ ಏಪ್ರಿಲ್‌ನಲ್ಲಿ ರಫ್ತು ಬಿಗಿ ಮಾಡಿದ್ದು ಡಿಸ್ಪ್ರೋಸಿಯಂ, ಟರ್ಬಿಯಂ ಥರದ ರೇರ್ ಅರ್ಥ್‌ಗಳು ಮತ್ತು ಅವು ಸೇರಿದ ಆಯಸ್ಕಾಂತದ್ದು. ಅದು ನಿಜವಾದ ತೊಂದರೆ, ಒಪ್ಪೋಣ. ಆದರೆ ಸೀರಿಯಂ, ನಿಯೋಡಿಮಿಯಂ ಇರುವ ಮರಳು ಕೇರಳದ ಚವರದಲ್ಲೂ ಇದೆ, ತಮಿಳುನಾಡಿನ ಮಣವಾಳಕುರಿಚಿಯಲ್ಲೂ ಇದೆ. ನಮ್ಮ ಹತ್ತಿರ ಸಾಕಷ್ಟು ಇಲ್ಲದ್ದು ಬೇರ್ಪಡಿಸಿ, ಲೋಹ ಮಾಡಿ, ಆಯಸ್ಕಾಂತದವರೆಗೆ ಒಯ್ಯುವ ಕಾರ್ಖಾನೆಗಳು. ಅವನ್ನು ಕಟ್ಟಿದರೂ ಆಯಸ್ಕಾಂತಕ್ಕೆ ಬೇಕಾದ ನಿಯೋಡಿಮಿಯಂ ಜೊತೆ ಅದಕ್ಕಿಂತ ಜಾಸ್ತಿ ಸೀರಿಯಂ ಬರುತ್ತದೆ, ಅದಕ್ಕೂ ಗಿರಾಕಿ ಹುಡುಕಬೇಕು. ಆ ಮಾತು ಯಾವ ಫಾರ್ವರ್ಡಿನಲ್ಲೂ ಇರಲ್ಲ.

ಚಿಕ್ಕಪ್ಪನಿಗೆ ಲೈಟರ್ ಬಿಚ್ಚಿ ತೋರಿಸೋಕೆ ಹೋದೆ. ಸ್ಪ್ರಿಂಗ್ ಹಾರಿತು, ಕಲ್ಲು ಸೋಫಾ ಕೆಳಗೆಲ್ಲೋ ಹೋಯಿತು. ಇನ್ನೂ ಸಿಕ್ಕಿಲ್ಲ. "ಈಗ ನೋಡು, ಅಪರೂಪವೇ ಆಯ್ತು" ಅಂತ ಹೊಸ ಲೈಟರ್ ಕೇಳುತ್ತಿದ್ದಾರೆ.