ಡ್ರಮ್ ಹಿಂದೆ ಕೂತ ಯಜಮಾನ

ನಾನಿರುವ ನ್ಯೂಜೆರ್ಸಿಯಲ್ಲೇ ಹ್ಯಾಕೆನ್‌ಸ್ಯಾಕ್ ಎಂಬ ಊರಿದೆ. ಆರ್ಟ್ ಬ್ಲೇಕಿಯವರ ಜಾಜ್ ಮೆಸೆಂಜರ್ಸ್ ತಂಡ 1958ರ ಅಕ್ಟೋಬರ್ 30ರಂದು ಅಲ್ಲಿನ ಒಂದು ಮನೆಯ ಹಜಾರದಲ್ಲಿ 'ಮೋನಿನ್' ಎಂಬ ಆಲ್ಬಮ್ ರೆಕಾರ್ಡ್ ಮಾಡಿತು. ಮನೆ ರೂಡಿ ವ್ಯಾನ್ ಗೆಲ್ಡರ್ ಅವರ ಅಪ್ಪ-ಅಮ್ಮನದು. ಕಣ್ಣು ಪರೀಕ್ಷೆ ರೂಡಿಯವರ ಕಸುಬು, ಉಳಿದ ಹೊತ್ತೆಲ್ಲ ರೆಕಾರ್ಡಿಂಗ್.

ತಂಡದ ಯಜಮಾನ ಬ್ಲೇಕಿ ಡ್ರಮ್ ನುಡಿಸುವವರು. ಕರ್ನಾಟಕ ಸಂಗೀತದ ಕಚೇರಿ ಕೇಳಿ ಬೆಳೆದ ನಮಗೆ ಇದು ಹೊಸದು. ನಮ್ಮಲ್ಲಿ ಯಾವ ರಾಗ, ಯಾವ ಕೃತಿ ಅಂತ ತೀರ್ಮಾನಿಸುವುದು ಹಾಡುವವರು. ಮೃದಂಗ ಪಕ್ಕವಾದ್ಯ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಶುರುವಾದರೆ ಎಷ್ಟೋ ಜನ ಕಾಫಿಗೆ ಎದ್ದು ಹೋಗುತ್ತಾರೆ. ಅದನ್ನು ನೋಡಿದಾಗೆಲ್ಲ ನನಗೆ ಬೇಜಾರಾಗುತ್ತದೆ.

ಡ್ರಮ್ಮರೇ ಯಜಮಾನ ಅಂದರೆ ಬರೀ ಡ್ರಮ್ ಸದ್ದು ಅಂದುಕೊಳ್ಳಬೇಡಿ. ಡ್ರಮ್ಮಿಗೆಂದೇ ಬರೆದ 'ದಿ ಡ್ರಮ್ ಥಂಡರ್ ಸ್ವೀಟ್' ಈ ಆಲ್ಬಮ್‌ನಲ್ಲಿದೆ, ನಿಜ. ಆದರೆ ಮೊದಲು ಆಲ್ಬಮ್‌ನದೇ ಹೆಸರಿನ 'ಮೋನಿನ್' ಎಂಬ ರಚನೆ ಕೇಳಿ. ಅದನ್ನು ಕಟ್ಟಿದ್ದು ಪಿಯಾನೋ ನುಡಿಸಿದ ಬಾಬಿ ಟಿಮ್ಮನ್ಸ್, ಆಗ ವಯಸ್ಸು 22. ಪಿಯಾನೋ ಒಂದು ಸಾಲು ಕೇಳುತ್ತದೆ, ಉಳಿದವರು ಎರಡೇ ಪೆಟ್ಟಿನಲ್ಲಿ ಉತ್ತರ ಕೊಡುತ್ತಾರೆ. ಕರಿಯರ ಚರ್ಚುಗಳಲ್ಲಿ ಪಾದ್ರಿ ಮತ್ತು ಜನ ಮಾತಾಡಿಕೊಳ್ಳುವ ರೀತಿಯೇ ಅದು. ಆಮೇಲೆ 20ರ ಹುಡುಗ ಲೀ ಮಾರ್ಗನ್ ತುತ್ತೂರಿ ಎತ್ತುತ್ತಾರೆ. ಅವರು ಬಿಟ್ಟ ಕೊನೆಯ ಎಳೆಯನ್ನೇ ಹಿಡಿದು ಬೆನ್ನಿ ಗೋಲ್ಸನ್ ಸ್ಯಾಕ್ಸೋಫೋನ್ ಶುರು ಮಾಡುತ್ತಾರೆ. ಈ ಹೊತ್ತೆಲ್ಲ ಬ್ಲೇಕಿ ಹಿಂದೆಯೇ ಇದ್ದಾರೆ. ಒಬ್ಬರ ಸರದಿ ಮುಗಿಯುತ್ತಾ ಬಂದಾಗ ಬ್ಲೇಕಿಯವರ ಕಡ್ಡಿಗಳ ಬಿಡುವಿಲ್ಲದ ಬಡಿತ ಸಣ್ಣಗೆ ಶುರುವಾಗಿ ಜೋರಾಗುತ್ತದೆ. ಜಾತ್ರೆಯಲ್ಲಿ ತೇರನ್ನು ಹಿಂದಿನಿಂದ ನೂಕಿದ ಹಾಗೆ. ನುಡಿಸುತ್ತಿರುವವರು ಮುಂದೆ ಹೋಗಲೇಬೇಕು!

ನಮ್ಮ ಮೃದಂಗ ವಿದ್ವಾಂಸರು ಇದನ್ನೇ ಮಾಡುತ್ತಾರೆ ಅಲ್ವಾ? ಹಾಡಲಿರುವ ಕೃತಿ ಮೊದಲೇ ಗೊತ್ತಿರದಿದ್ದರೂ ವೇದಿಕೆಯಲ್ಲೇ ಅದರ ನಡೆ ಹಿಡಿದು ಹಾಡುವವರನ್ನು ಎತ್ತಿ ನಿಲ್ಲಿಸುತ್ತಾರೆ. ಕೆಲಸ ಅಷ್ಟೇ ದೊಡ್ಡದು, ಹೆಸರು ಮಾತ್ರ ಕೆಳಗೆ. ಲೆಕ್ಕಾಚಾರದಲ್ಲಿ ನಮ್ಮ ಲಯ ಇಲ್ಲಿಯದಕ್ಕಿಂತ ಜಾಸ್ತಿ ಆಳ ಅಂತಲೇ ನಾನು ನಂಬಿದ್ದೇನೆ. ಆದರೆ ಲಯ ಬಲ್ಲವರ ಕೈಗೆ ತಂಡವನ್ನೇ ಕೊಡುವ ರೂಢಿ ನಮ್ಮಲ್ಲಿ ಕಡಿಮೆ. ಬ್ಲೇಕಿ 1990ರಲ್ಲಿ ತೀರಿಕೊಳ್ಳುವವರೆಗೂ ಹುಡುಗರನ್ನು ಆರಿಸಿ ತರುತ್ತಲೇ ಇದ್ದರು. ಮುಂದೆ ಜಾಜ್‌ನಲ್ಲಿ ದೊಡ್ಡ ಹೆಸರು ಮಾಡಿದ ವೇಯ್ನ್ ಶಾರ್ಟರ್, ಫ್ರೆಡ್ಡಿ ಹಬರ್ಡ್, ವಿಂಟನ್ ಮಾರ್ಸಾಲಿಸ್ ಎಲ್ಲ ಈ ತಂಡದಲ್ಲಿ ಪಳಗಿದವರೇ.

ನಮ್ಮಲ್ಲೂ ದಾರಿ ತೋರಿದವರಿದ್ದಾರೆ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರ ತಾಳವಾದ್ಯ ತಂಡ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಜಾಜ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 'ಜ್ಯೋತಿ' ರೆಕಾರ್ಡ್ ಮಾಡಿತು. ಗಾಯಕಿ ರಮಾಮಣಿಯವರ ದನಿಯೂ ಅದರಲ್ಲಿದೆ. ತಾಳವಾದ್ಯದವರ ಹೆಸರು ಮುಖಪುಟದಲ್ಲೇ ಇದೆ.

ಅಂಥದ್ದು ಇನ್ನೂ ಬೇಕು. ಮೃದಂಗ ವಿದ್ವಾಂಸರೊಬ್ಬರು ಇಪ್ಪತ್ತರ ಹುಡುಗ-ಹುಡುಗಿಯರನ್ನು ತಾವೇ ಆರಿಸಲಿ. ಕೃತಿಗಳನ್ನೂ ತಾವೇ ಗೊತ್ತುಮಾಡಲಿ. ರೆಕಾರ್ಡಿನ ಮೇಲೆ ಅವರ ಹೆಸರೇ ಮೊದಲು ಬರಲಿ. ದುಡ್ಡು ಕೊಟ್ಟು ಕೊಳ್ಳಲು ನಾವು ಇಲ್ಲಿ ಕಾಯುತ್ತಿದ್ದೇವೆ.