ಹಿತ್ತಿಲ ಬಾಯ್ಲರ್, ಊರಿನ ಹಂಡೆ

ನಾವಿರುವುದು ನ್ಯೂಯಾರ್ಕ್ ರಾಜ್ಯದ ಉತ್ತರದ ಒಂದು ಹಳ್ಳಿಯಲ್ಲಿ. ನ್ಯೂಯಾರ್ಕ್ ಅಂದ ಕೂಡಲೇ ಎತ್ತರದ ಕಟ್ಟಡ ನೆನೆಯಬೇಡಿ. ಇಲ್ಲಿರುವುದು ಹಸು, ಮೆಕ್ಕೆಜೋಳದ ಹೊಲ, ಮುಗಿಯದ ಚಳಿಗಾಲ. ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದೂ ಉಂಟು. ಮನೆ ಕೊಂಡಾಗ ಹಿತ್ತಿಲಲ್ಲಿ ಗೂಡಂಗಡಿಯಂಥ ತಗಡಿನ ಪೆಟ್ಟಿಗೆಯೊಂದು ನಿಂತಿತ್ತು, ತಲೆಯ ಮೇಲೆ ಗಿಡ್ಡ ಚಿಮಣಿ. ಮನೆ ಬೆಚ್ಚಗಿಡುವ ಕಟ್ಟಿಗೆ ಬಾಯ್ಲರ್ ಅದೇ.

ನಡುವೆ ಒಲೆ, ಸುತ್ತ ನೀರು. 80 ಡಿಗ್ರಿಯಷ್ಟು ಕಾದ ನೀರು ನೆಲದಡಿಯ ಪೈಪಿನಲ್ಲಿ ಮನೆಯೊಳಗೆ ಬಂದು, ಬಿಸಿ ಬಿಟ್ಟು ವಾಪಸ್ ಹೋಗುತ್ತದೆ. ಬೆಳಿಗ್ಗೆ, ರಾತ್ರಿ ಕಟ್ಟಿಗೆ ತುಂಬಿದರೆ ಸಾಕು. ಕಟ್ಟಿಗೆಗೂ ಬರವಿಲ್ಲ, ಹಸಿರು ದುಂಬಿ ಕೊಂದ ಆ್ಯಶ್ ಮರಗಳು ಸುತ್ತ ಒಣಗಿ ನಿಂತಿವೆ. ಶಿರಸಿ ಕಡೆಯವನಾದ ನನಗೆ ಮೊದಲು ಅನಿಸಿದ್ದು, ಇದು ನಮ್ಮ ಬಚ್ಚಲೊಲೆಯೇ ಅಲ್ವಾ, ಮನೆ ಬಿಟ್ಟು ಹೊರಗೆ ಕೂತಿದೆ ಅಷ್ಟೇ. "ಆ ನೀರಲ್ಲೇ ಸ್ನಾನ ಮಾಡ್ತೀಯೇನೋ?" ಅಂತ ಅಮ್ಮ ಫೋನಲ್ಲಿ ಕೇಳಿದಳು. ಇಲ್ಲ, ಅದರಲ್ಲಿ ತುಕ್ಕು ತಡೆಯುವ ಔಷಧ ಇರುತ್ತದೆ. ಸ್ನಾನದ ನೀರು ಬೇರೆ, ಇದರ ಬಿಸಿ ಮಾತ್ರ ಅದಕ್ಕೆ ದಾಟುತ್ತದೆ.

ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಹೋಲಿಕೆ ತಪ್ಪು ಅನ್ನುವುದು ಗೊತ್ತಾಯಿತು. ಊರಲ್ಲಿ ಹಂಡೆ ತುಂಬಿ, ಅಡಿಕೆ ಸಿಪ್ಪೆ, ತೆಂಗಿನ ಮಡಲು, ಒಂದೆರಡು ಕಟ್ಟಿಗೆ ಕುಂಟೆ ತುರುಕಿ ಧಗಧಗ ಉರಿಸುತ್ತಿದ್ದೆವು. ಗಂಟೆಯೊಳಗೆ ನೀರು ಕಾಯುತ್ತಿತ್ತು. ಆಮೇಲೆ ಕೆಂಡದ ಬಿಸಿಯಲ್ಲೇ ಮನೆಮಂದಿಯ ಸ್ನಾನ. ಇಲ್ಲಿ ನೀರು ಕಾದ ಕೂಡಲೇ ಬಾಯ್ಲರ್ ತಾನೇ ಗಾಳಿಯ ಕಂಡಿ ಮುಚ್ಚಿಬಿಡುತ್ತದೆ. ಬೆಂಕಿ ಉರಿಯುವುದೂ ಇಲ್ಲ, ಆರುವುದೂ ಇಲ್ಲ. ಗಂಟೆಗಟ್ಟಲೆ ಸುಮ್ನೆ ಹೊಗೆಯಾಡುತ್ತದೆ. ಹಸಿ ಕಟ್ಟಿಗೆಯಾದರಂತೂ ಕೇಳಬೇಡಿ. ಚಿಮಣಿ ಗಿಡ್ಡ, ಹಾಗಾಗಿ ಹೊಗೆ ನೆಲ ಹಿಡಿದು ಹೋಗುತ್ತದೆ. ನಮ್ಮನೆ ಬೆಚ್ಚಗೆ, ಪಕ್ಕದ ಮನೆಯಲ್ಲಿ ಕೆಮ್ಮು. ಅವರು ಒಂದು ದಿನ ಬಂದು, ಜಗಳವಾಡದೆ, "ಬೇಸಿಗೆಯಲ್ಲೂ ಹಚ್ಚುತ್ತೀರಾ?" ಎಂದಷ್ಟೇ ಕೇಳಿದರು. ನನಗೆ ನಾಚಿಕೆಯಾಯಿತು.

ಈ ರಾಜ್ಯದಲ್ಲಿ 2011ರಿಂದ ನಿಯಮವಿದೆ. ಹೊಸ ಬಾಯ್ಲರ್ ಜಾಗದ ಗಡಿಯಿಂದ 100 ಅಡಿಯಾದರೂ ದೂರ ಇರಬೇಕು, ಚಿಮಣಿ 18 ಅಡಿಯಾದರೂ ಇರಬೇಕು. ಒಳ್ಳೆಯದೇ. ಆದರೆ ಈ ಎರಡರಿಂದ ಹೊಗೆ ದೂರ ಹೋಗುತ್ತದೆಯೇ ಹೊರತು ಕಮ್ಮಿಯಾಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ ನಮ್ಮೂರ ಅಡುಗೆಮನೆಗೆ ಬಂದಾಗ ಚಿಮಣಿಯ ಜೊತೆಗೆ ಉರಿಯುವ ರೀತಿಯೂ ಬದಲಾಗಿತ್ತು, ಕಟ್ಟಿಗೆ ಉಳಿಯಿತು.

ಇಲ್ಲೂ ದಾರಿ ಇದೆ. 500 ಗ್ಯಾಲನ್, ಅಂದರೆ ಸುಮಾರು 1,900 ಲೀಟರಿನ ಟ್ಯಾಂಕ್ ಇಟ್ಟುಕೊಂಡು, ಒಲೆಯ ಬಾಯಿ ಕಟ್ಟದೆ ಜೋರಾಗಿ ಉರಿಸಿ, ಬಿಸಿಯನ್ನು ನೀರಲ್ಲಿ ಕೂಡಿಟ್ಟು ದಿನವಿಡೀ ಬಳಸುವುದು. ನನ್ನ ಲೆಕ್ಕದಲ್ಲಿ ಅದೊಂದು ದೊಡ್ಡ ಹಂಡೆ. ದರ ಕೇಳಿಕೊಂಡು ಬಂದಿದ್ದೇನೆ. ಮೊತ್ತ ಕೇಳಿದ ಹೆಂಡತಿ, "ಇನ್ನೊಂದು ಸ್ವೆಟರ್ ಹಾಕಿಕೊಂಡ್ರೆ ಆಗಲ್ವಾ?" ಅಂತಿದ್ದಾಳೆ.