ಅರ್ಧ ಗಂಟೆ ಸೇರಿಸಿ

ನಮ್ಮ ಮಾವ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಕೈಯಲ್ಲಿರುವುದು ಕೀ ಕೊಡುವ ವಾಚು. ಬೆಳಿಗ್ಗೆ ಸ್ನಾನ, ಆಮೇಲೆ ಸಂಧ್ಯಾವಂದನೆ, ಆಮೇಲೆ ವಾಚಿಗೆ ಕೀ. ಡಲ್ಲಾಸ್‌ನ ನಮ್ಮ ಮನೆಗೆ ಬಂದು ಒಂದೂವರೆ ತಿಂಗಳಾದರೂ ಅದರ ಮುಳ್ಳು ತಿರುಗಿಸಿರಲಿಲ್ಲ. "ಇದು ತುಮಕೂರಿನ ಟೈಮು ತೋರಿಸುತ್ತೆ, ತೋರಿಸಲಿ ಬಿಡಿ. ಅರ್ಧ ಗಂಟೆ ಸೇರಿಸಿದ್ರೆ ನಿಮ್ಮೂರಿನ ಟೈಮು" ಎನ್ನುತ್ತಿದ್ದರು. ಲೆಕ್ಕ ಸರಿಯೇ. ಚಳಿಗಾಲದಲ್ಲಿ ಡಲ್ಲಾಸ್ ನಮ್ಮ ದೇಶಕ್ಕಿಂತ ಹನ್ನೊಂದೂವರೆ ಗಂಟೆ ಹಿಂದೆ. ಹಗಲೋ ರಾತ್ರಿಯೋ ಅಂತ ಮುಳ್ಳಿಗೇನು ಗೊತ್ತು?

ಡಿಸೆಂಬರ್ ರಜೆಗೆ ಮೆಕ್ಸಿಕೊದ ಕಾನ್‌ಕೂನ್‌ಗೆ ಹೋದೆವು. ಅಲ್ಲಿಂದ ಒಂದು ದಿನದ ಟೂರು: ಮಾಯಾ ಜನರ ಚಿಚೆನ್ ಇಟ್ಜಾ, ಆಮೇಲೆ ಸ್ಪೇನಿನವರು 1543ರಲ್ಲಿ ಕಟ್ಟಿದ ವಯಾಡೊಲಿಡ್ ಊರು. ಬೆಳಿಗ್ಗೆ ಏಳಕ್ಕೆ ಬಸ್ಸು ಹೋಟೆಲ್ ಬಾಗಿಲಿಗೆ ಬಂತು. ಮಾವ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಚ್ಚಲಿಗೆ ಹೊರಟಿದ್ದರು. "ಇನ್ನೂ ಆರು ಗಂಟೆ ಕಣಪ್ಪ!"

ಕಾನ್‌ಕೂನ್ ಇರುವ ಕಿಂಟಾನ ರೂ ರಾಜ್ಯ 2015ರಲ್ಲಿ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿಕೊಂಡಿದೆ. ಪ್ರವಾಸಿಗರಿಗೆ ಬೀಚಿನಲ್ಲಿ ಸಂಜೆ ಬಿಸಿಲು ಜಾಸ್ತಿ ಸಿಗಲಿ ಅಂತ. ಇದನ್ನೆಲ್ಲ ವಿವರಿಸುತ್ತಾ, ಸ್ನಾನವಿಲ್ಲದ, ಸಂಧ್ಯೆಯಿಲ್ಲದ ಮಾವನನ್ನು ಬಸ್ಸಿಗೆ ಹತ್ತಿಸಿದೆ. ವಾಚಿನ ಲೆಕ್ಕದಲ್ಲಿ ಅವರನ್ನು ಸೋಲಿಸಿದೆನಲ್ಲ ಎಂಬ ಖುಷಿಗೆ ಹಾಯಾಗಿ ನಿದ್ದೆ ಬಂತು. ಗೈಡಮ್ಮ ಮೈಕಿನಲ್ಲಿ ಏನೇನೋ ಹೇಳುತ್ತಿದ್ದರು. ನಮಗ್ಯಾಕೆ ಅಂತ ಇನ್ನೊಂದು ಮಗ್ಗುಲಿಗೆ ತಿರುಗಿದೆ.

ಚಿಚೆನ್ ಇಟ್ಜಾದ ಕುಕುಲ್ಕಾನ್ ಪಿರಮಿಡ್ ಎದುರು ನಿಂತಾಗ ನಿಜಕ್ಕೂ ಬಾಯಿ ಕಟ್ಟಿಹೋಯಿತು. ನಾಲ್ಕು ಕಡೆ ತೊಂಬತ್ತೊಂದು ಮೆಟ್ಟಿಲು, ಮೇಲಿನ ವೇದಿಕೆಯೂ ಸೇರಿದರೆ 365. ವರ್ಷದ ದಿನಗಳಷ್ಟು. ಮಾವ ಬೆರಳಿನಲ್ಲಿ ಗುಣಿಸಿ ನೋಡಿ ಪಾಸು ಮಾಡಿದರು. ಈಗ ಯಾರನ್ನೂ ಹತ್ತಲು ಬಿಡುವುದಿಲ್ಲ. "ಬಿಡಲ್ವಂತೆ, ಇಲ್ಲದಿದ್ರೆ ಒಂದು ಕೈ ನೋಡ್ತಿದ್ದೆ" ಎಂದರು, ಮಂಡಿ ನೀವಿಕೊಳ್ಳುತ್ತಾ.

ಮೆಟ್ಟಿಲ ಎದುರು ಚಪ್ಪಾಳೆ ತಟ್ಟಿದರೆ ಕ್ವೆಟ್ಜಾಲ್ ಹಕ್ಕಿ ಕೂಗಿದ ಹಾಗೆ ಮಾರ್ದನಿ ಬರುತ್ತದೆ. ಗೈಡಮ್ಮ ಒಂದು ಸಲ ತಟ್ಟಿ ತೋರಿಸಿದರು. ನಮ್ಮತ್ತೆ ಭಜನೆಯ ತಾಳಕ್ಕೆ ತಟ್ಟತೊಡಗಿದರು. ಹಕ್ಕಿಯೂ ಪಾಪ, ತಾಳ ತಪ್ಪದೆ ಕೂಗಿತು. ಅಷ್ಟರಲ್ಲಿ ಅತ್ತೆಯ ಬೆನ್ನ ಹಿಂದೆ ಹುಲಿ ಗರ್ಜಿಸಿದ ಹಾಗಾಗಿ ಅವರು "ಅಯ್ಯೋ ರಾಮ" ಎಂದು ನನ್ನ ಅಂಗಿ ಹಿಡಿದರು. ತಿರುಗಿ ನೋಡಿದರೆ, ಜಾಗ್ವಾರ್ ಸದ್ದಿನ ಪೀಪಿ ಮಾರುವ ಹುಡುಗ. ನಮ್ಮ ಬ್ಯಾಗಿನಲ್ಲಿ ಈಗ ಅಂಥ ಪೀಪಿ ಎರಡಿವೆ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಹಬನೇರೋ ಮೆಣಸಿನಕಾಯಿ ಚಟ್ನಿಯನ್ನು ಬಡಿಸುವವರು ಬೇಡ ಬೇಡ ಎಂದರು. "ನಾನು ಬ್ಯಾಡಗಿ ಕಡೆಯವನು" ಎಂದು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಮುಂದಿನ ಹತ್ತು ನಿಮಿಷ ನನಗೆ ಮಾತಿರಲಿಲ್ಲ. "ಬ್ಯಾಡಗಿ ಇರೋದು ಬಣ್ಣಕ್ಕೆ ಅಳಿಯಂದ್ರೇ, ಖಾರಕ್ಕಲ್ಲ" ಎಂದು ಮಾವ ಮೊಸರು ಹುಡುಕಲು ಎದ್ದರು. ನಮಗೆ ಮೆಣಸಿನಕಾಯಿ ಕೊಟ್ಟ ಸೀಮೆಯಲ್ಲೇ ಹೋಗಿ ಪೌರುಷ ತೋರಿಸಿದೆನಲ್ಲ, ಇರಲಿ.

ವಯಾಡೊಲಿಡ್‌ನಲ್ಲಿ ಇಳಿದಾಗ ಗೈಡಮ್ಮ ಹೇಳಿದ್ದಿಷ್ಟು: ನಾಲ್ಕೂವರೆಗೆ ಬಸ್ಸು ಹೊರಡುತ್ತದೆ. ಹಳದಿ, ಗುಲಾಬಿ ಬಣ್ಣದ ಮನೆಗಳು, ಸಾನ್ ಸೆರ್ವಾಸಿಯೊ ಚರ್ಚು, ಎದುರಿಗೆ ಪಾರ್ಕು. ಹೆಂಡತಿ ಮಾರ್ಕೆಸೀತಾ ಕೊಂಡಳು. ಗರಿಗರಿ ದೋಸೆಯನ್ನು ಸುರುಳಿ ಸುತ್ತಿ, ಒಳಗೆ ಚೀಸ್ ತುರಿ ತುಂಬಿದ ತಿಂಡಿ. ಅವಳು ಎರಡನೇ ಸಲ ಕಚ್ಚುವಾಗ ಫೋನು ನೋಡಿದೆ. ನಾಲ್ಕೂ ಕಾಲು! ಎಲ್ಲರನ್ನೂ ಓಡಿಸಿದೆ. ಅತ್ತೆ ಸೀರೆ ಎತ್ತಿ ಹಿಡಿದು ಓಡಿದರು. ಬಸ್ಸಿಗೆ ಬೀಗ. ಸುತ್ತ ಒಂದು ನರಪಿಳ್ಳೆಯಿಲ್ಲ.

ಏದುಸಿರು ಬಿಡುತ್ತಾ ಮಾವ ವಾಚು ನೋಡಿಕೊಂಡರು. "ಎರಡೂ ಮುಕ್ಕಾಲು. ಅರ್ಧ ಗಂಟೆ ಸೇರಿಸಿ. ಮೂರೂ ಕಾಲು, ಅಷ್ಟೇ."

ಗೈಡಮ್ಮ ಬೆಳಿಗ್ಗೆ ಮೈಕಿನಲ್ಲಿ ಹೇಳಿದ್ದು ಇದನ್ನೇ ಅಂತೆ. ಹೆಂಡತಿಗೆ ಈಗ ನೆನಪಾಯಿತು. ಯುಕಾಟಾನ್ ರಾಜ್ಯಕ್ಕೆ ಬಂದ ಮೇಲೆ ಗಡಿಯಾರ ಒಂದು ಗಂಟೆ ಹಿಂದೆ. ಅಂದರೆ ಡಲ್ಲಾಸ್ ಟೈಮೇ. ಅಂದರೆ ಮಾವನ ಟೈಮೇ. ನನ್ನ ಫೋನು ತಾನಾಗಿ ಬದಲಾಗುತ್ತಿತ್ತು, ಆದರೆ ಹಿಂದಿನ ದಿನವೇ ಬುದ್ಧಿವಂತಿಕೆ ಮಾಡಿ ಅದನ್ನು ಕಾನ್‌ಕೂನ್‌ಗೆ ಕಟ್ಟಿಹಾಕಿದ್ದೆ. ಹೆಂಡತಿ ಮಾತಾಡದೆ ಕೈ ಚಾಚಿದಳು. ಫೋನನ್ನು ಅವಳ ಬ್ಯಾಗಿಗೆ ಒಪ್ಪಿಸಿದೆ. ಇನ್ನು ಮೇಲೆ ಮಾವನ ವಾಚೇ ಪ್ರಮಾಣ.

ಮತ್ತೆ ಪಾರ್ಕಿಗೆ ಹೋದೆವು. ಅಲ್ಲಿ ಪ್ರೇಮಿಗಳಿಗೆಂದೇ ಮಾಡಿದ ಬಿಳಿ ಜೋಡಿ ಕುರ್ಚಿಗಳಿವೆ. ಕೂತರೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆ. ಅತ್ತೆ, ಮಾವ ಅದರಲ್ಲಿ ಕೂತು, ಏನು ಮಾತಾಡಬೇಕೋ ತಿಳಿಯದೆ ಎರಡು ಕಡೆ ಮುಖ ಮಾಡಿದರು. ನಾವು ಇನ್ನೊಂದು ಮಾರ್ಕೆಸೀತಾ ತಿಂದೆವು. ಟೈಮೆಷ್ಟು ಅಂತ ಕೇಳಿದೆ. ಮೂರೂ ನಲವತ್ತು ಎಂದರು. ಚರ್ಚು ನೋಡಿ ಬಂದು ಮತ್ತೆ ಕೇಳಿದೆ.

"ಮೂರೂ ನಲವತ್ತು. ಆರಾಮಾಗಿ ಕೂತ್ಕೊಳ್ಳಿ ಅಳಿಯಂದ್ರೇ."

ಆಗ ರಸ್ತೆಯ ಆ ತುದಿಯಿಂದ ಗೈಡಮ್ಮ ತಮ್ಮ ಬಾವುಟ ಬೀಸುತ್ತಾ ಓಡಿ ಬರುವುದು ಕಂಡಿತು. ಅತ್ತೆ ಮೊದಲ ಸಲ ಮಾವನ ಕಡೆ ನೇರ ತಿರುಗಿದರು.

"ರೀ, ಇವತ್ತು ಅದಕ್ಕೆ ಕೀ ಕೊಟ್ರಾ?"